ಕಗೋಶಿಮಾದಲ್ಲಿ ಹಂದಿಭ್ರೂಣ ಸಾಕಿದ ಎಂಟು ವಾರ

ಹೊರಡುವ ಮುಂಚೆ, ಮೈಸೂರಿನ ಮಂಡಿ ಮೊಹಲ್ಲಾ

ಜಪಾನಿಗೆ ಹೋಗುತ್ತಿದ್ದೇನೆ ಎಂದಾಗ ನಮ್ಮ ಬೀದಿಯವರೆಲ್ಲ ಸಂತೋಷಪಟ್ಟರು. ಏನು ಕಲಿಯುವುದಕ್ಕೆ ಎಂದು ಕೇಳಿದರೆ ಮಾತ್ರ ನಮ್ಮವ್ವ ನನಗಿಂತ ಮುಂಚೆ ಬಾಯಿ ಹಾಕುತ್ತಿದ್ದಳು. "ಹಸೀನ ವಿಚಾರ ಕಣ್ರೀ, ಹಸು ಕರ ಹಾಕ್ತದಲ್ಲ, ಅದ್ರುದು," ಎಂದು ಮಾತು ಮುಗಿಸಿಬಿಡುತ್ತಿದ್ದಳು.

"ಹಂದಿ ಅಂತ ಯಾಕವ್ವ ಹೇಳ್ಬಾರ್ದು?" ಎಂದು ಒಳಗೆ ಬಂದು ಕೇಳಿದೆ.

"ನಿಂಗೊತ್ತಿಲ್ಲ, ಸುಮ್ಕಿರು ಮಗ. ಹಂದಿ ಅಂದ್ಬುಟ್ರೆ ನಾಳಿಂದ ನಮ್ಮನೇಲಿ ಕಾಫಿ ಕುಡಿಯಕ್ಕೂ ಜನ ಯೋಚ್ನೆ ಮಾಡ್ತಾರೆ."

ನಾನು ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಸಂಶೋಧನಾ ಕಂಪನಿಯಲ್ಲಿ ಹದಿನೇಳು ವರ್ಷದಿಂದ ಟೆಕ್ನಿಷಿಯನ್. ಜೀವಕೋಶಗಳು ಮೈಯಿಂದಾಚೆ, ತಟ್ಟೆಯಲ್ಲಿ ಬದುಕಬೇಕಾದರೆ ಅವಕ್ಕೆ ಉಪ್ಪು, ಸಕ್ಕರೆ, ಪ್ರೋಟೀನು ಬೆರೆಸಿದ ಒಂದು ದ್ರಾವಣ ಬೇಕು. ಅದನ್ನು ಮಾಡಿಕೊಡುವುದು ನನ್ನ ಕೆಲಸ. ಅಂದರೆ ಅಡುಗೆ ನನ್ನದು, ಬಡಿಸಿ ಹೆಸರು ತೆಗೆದುಕೊಳ್ಳುವುದು ಡಾಕ್ಟರೇಟ್ ಮಾಡಿದವರದು. ಈಗ ಕಂಪನಿಯವರು ಹಂದಿಯ ಭ್ರೂಣ ಬೆಳೆಸುವ ಹೊಸ ಕೋಣೆ ತೆರೆಯುತ್ತಿದ್ದರು. ಹಂದಿಯ ಒಳಾಂಗಗಳು ಮನುಷ್ಯರ ಒಳಾಂಗಗಳಿಗೆ ಬಹಳ ಹತ್ತಿರ, ಹಾಗಾಗಿ ನಮ್ಮ ಕಾಯಿಲೆಗಳ ಅಭ್ಯಾಸಕ್ಕೆ ಅದು ಬೇಕೇ ಬೇಕು.

ನಿರ್ದೇಶಕರು ನನ್ನನ್ನು ಕರೆದು ನೇರವಾಗಿಯೇ ಹೇಳಿದರು. "ನೋಡಿ ರತ್ನಮ್ಮ, ಎಂಟು ವಾರ ಕಳಿಸ್ತೀನಿ. ಮೊಟ್ಟೆ ತೆಗೆಯೋದ್ರಿಂದ ಹಿಡಿದು ಏಳನೇ ದಿನದ ಭ್ರೂಣದವರೆಗೆ ಒಂದ್ಸಲ ನಿಮ್ಮ ಸ್ವಂತ ಕೈಯಲ್ಲಿ ಬೆಳೆಸಿ ಬನ್ನಿ, ಆ ರೂಮು ನಿಮ್ದು. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ತಗೋಬೇಕಾಗತ್ತೆ, ಬೇಜಾರು ಮಾಡ್ಕೋಬೇಡಿ." ನನಗೆ ನಲವತ್ಮೂರು. ಇಂಥ ಮಾತನ್ನು ಇನ್ನೊಂದು ಸಲ ಯಾರೂ ನನಗೆ ಹೇಳುವುದಿಲ್ಲ ಎಂದು ಗೊತ್ತಿತ್ತು.

ಸೂಟ್‌ಕೇಸ್ ತುಂಬಿದವಳು ಅವ್ವ. ಮೂವತ್ತು ವರ್ಷ ಊದುಬತ್ತಿ ಹೊಸೆದ ಕೈ ಅದು. ಬಟ್ಟೆಯ ಒಂದೊಂದು ಮಡಿಕೆಯ ನಡುವೆಯೂ ಒಂದೊಂದು ಕಟ್ಟು ಬತ್ತಿ ಇಟ್ಟಳು. "ಪರದೇಶದಲ್ಲಿ ಬಟ್ಟೆ ಮುಗ್ಗಲು ವಾಸ್ನೆ ಹೊಡೀಬಾರ್ದು," ಎಂದಳು. ನಮ್ಮ ಮನೆಯಲ್ಲಿ ಬೀರು, ಹಾಸಿಗೆ, ಅಕ್ಕಿಡಬ್ಬ ಎಲ್ಲದಕ್ಕೂ ಅದೇ ವಾಸನೆ, ಹಾಗಾಗಿ ನಾನು ಏನೂ ಅನ್ನಲಿಲ್ಲ.

ಬೂದಿ ಸುರಿಯುವ ಊರು

ಕಗೋಶಿಮಾ ಜಪಾನಿನ ದಕ್ಷಿಣದ ತುದಿಯಲ್ಲಿದೆ. ಊರಿನ ಎದುರಿಗೆ ಸಮುದ್ರ, ಸಮುದ್ರದ ನಡುವೆ ಹೊಗೆಯಾಡುವ ಬೆಂಕಿಬೆಟ್ಟ. ನಾವು ಮೈಸೂರಿನವರು ದಿನಾ ಚಾಮುಂಡಿಬೆಟ್ಟ ನೋಡಿಕೊಂಡು ಬೆಳೆದವರು, ಬೆಟ್ಟ ಅಂದರೆ ಕೈಮುಗಿಯುವ ವಸ್ತು. ಇಲ್ಲಿನ ಬೆಟ್ಟ ಮಧ್ಯಾಹ್ನ ಗುಡುಗಿ, ಊರಿನ ಮೇಲೆ ಬೂದಿ ಉದುರಿಸಿ, ಮತ್ತೆ ತೆಪ್ಪಗಾಗುತ್ತದೆ. ಟೀವಿಯಲ್ಲಿ ಇವತ್ತು ಬೂದಿ ಯಾವ ಕಡೆಗೆ ಬೀಳುತ್ತದೆ ಎಂದು ಹೇಳುತ್ತಾರೆ. ಜನ ಛತ್ರಿ ಬಿಚ್ಚುತ್ತಾರೆ, ಬೂದಿ ಗುಡಿಸಿ ನಗರಸಭೆಯವರು ಕೊಟ್ಟ ಹಳದಿ ಚೀಲಕ್ಕೆ ತುಂಬುತ್ತಾರೆ, ಯಾರೂ ಗೊಣಗುವುದಿಲ್ಲ. ಮೊದಲ ದಿನ ಕಿಟಕಿಯಲ್ಲಿ ನಿಂತು ಬಾಯಿ ತೆರೆದುಕೊಂಡು ನೋಡಿದೆ, ಬಾಯಿಗೂ ಬೂದಿ ಬಿತ್ತು.

ಎರಡನೆಯ ದಿನ ನಾನು ನಮ್ಮೂರಿನ ಬುದ್ಧಿ ತೋರಿಸಿದೆ. ಬಟ್ಟೆ ಒಗೆದು ಬಾಲ್ಕನಿಯಲ್ಲಿ ಹರವಿ, ನಾನು ಕೆಲಸ ಕಲಿಯಬೇಕಿದ್ದ ವಿಶ್ವವಿದ್ಯಾಲಯದ ಲ್ಯಾಬಿಗೆ ಹೋದೆ. ಎದುರುಮನೆಯ ಹೆಂಗಸು ಬಗ್ಗಿ ಬಗ್ಗಿ ನಮಸ್ಕರಿಸಿ ಆಕಾಶದ ಕಡೆ ಕೈ ತೋರಿಸುತ್ತಿದ್ದಳು. ಏನು ಒಳ್ಳೆಯ ಜನ, ಹವಾ ಚೆನ್ನಾಗಿದೆ ಎನ್ನುತ್ತಿದ್ದಾಳೆ ಎಂದುಕೊಂಡು ನಾನೂ ಬಗ್ಗಿ ನಮಸ್ಕರಿಸಿದೆ. ಸಂಜೆ ಬಂದು ನೋಡಿದರೆ ಐದು ಜೊತೆ ಬಟ್ಟೆ ಸಿಮೆಂಟಿನ ಬಣ್ಣಕ್ಕೆ ತಿರುಗಿದ್ದವು. ಎರಡು ಸಲ ಒಗೆದರೂ ಮೈಗೆ ಚುಚ್ಚುತ್ತಿದ್ದವು. ಕೊನೆಗೆ ಅವನ್ನು ಪಕ್ಕಕ್ಕಿಟ್ಟು, ಸೂಟ್‌ಕೇಸಿನ ತಳದಲ್ಲಿದ್ದ ಚೂಡಿದಾರಗಳನ್ನೂ ಸ್ವೆಟರನ್ನೂ ಹೊರಗೆ ತೆಗೆದೆ.

ಲ್ಯಾಬಿನ ಬಾಗಿಲಲ್ಲಿ ಒಂದು ಬೋರ್ಡು ಇತ್ತು. ಸೆಂಟು ಬೇಡ, ಪೌಡರು ಬೇಡ, ಉಗುರುಬಣ್ಣ ಬೇಡ, ವಾಸನೆಯ ಸೋಪು ಬೇಡ, ತಲೆಗೆ ಎಣ್ಣೆ ಬೇಡ. ಮೈಯಿಂದಾಚೆ ಬೆಳೆಯುವ ಭ್ರೂಣಕ್ಕೆ ಗಾಳಿಯಲ್ಲಿನ ಸುಗಂಧವೇ ವಿಷ. ನಾನು ಒಂದನ್ನೂ ಬಿಡದೆ ಪಾಲಿಸಿದೆ. ಹುಟ್ಟಿದಾಗಿನಿಂದ ಕೊಬ್ಬರಿಎಣ್ಣೆ ಕಂಡ ನನ್ನ ತಲೆ ವಾರದೊಳಗೆ ಕಸಬರಿಕೆಯಾಯಿತು.

ಟ್ರಾಮಿನಲ್ಲಿ ಥರ್ಮಾಸು

ನನಗೆ ಕೆಲಸ ಕಲಿಸಿದವರು ನಾಕಾಮುರಾ ಸಾನ್. ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ. ಅರವತ್ತು ದಾಟಿದ ಹೆಂಗಸು, ಜೀವಮಾನವೆಲ್ಲ ನನ್ನ ಹಾಗೆಯೇ ಟೆಕ್ನಿಷಿಯನ್. ಇಂಗ್ಲಿಷೂ ನನ್ನಷ್ಟೇ ಹರುಕುಮುರುಕು, ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. ಪ್ರೊಫೆಸರು ದಿನಕ್ಕೊಂದು ಸಲ ಬಂದು, ತಲೆಯಾಡಿಸಿ, ಹೋಗಿಬಿಡುತ್ತಿದ್ದರು. ಆ ತಲೆಯಾಟ ಹೌದೋ ಅಲ್ಲವೋ ಕೊನೆಯವರೆಗೂ ನನಗೆ ತಿಳಿಯಲಿಲ್ಲ.

ನಮ್ಮ ಮೊಟ್ಟೆಗಳು, ಅಂದರೆ ಹಂದಿಯ ಅಂಡಾಣುಗಳು, ಬರುತ್ತಿದ್ದುದು ಊರಾಚೆಯ ಕಸಾಯಿಖಾನೆಯಿಂದ. ಮಾಂಸಕ್ಕೆಂದು ಕಡಿದ ಹಂದಿಗಳ ಅಂಡಾಶಯವನ್ನು ಅವರು ಎಸೆಯುವ ಬದಲು ನಮಗೆ ಕೊಡುತ್ತಿದ್ದರು. ಬೆಚ್ಚಗಿನ ಉಪ್ಪುನೀರು ತುಂಬಿದ ಥರ್ಮಾಸಿನಲ್ಲಿ ಹಾಕಿಕೊಂಡು, ತಣ್ಣಗಾಗುವ ಮುಂಚೆ ಲ್ಯಾಬು ಮುಟ್ಟಬೇಕು. ಮೊದಲ ಸಲವೇ ಲ್ಯಾಬಿನ ಕಾರು ಪಂಕ್ಚರ್ ಆಯಿತು. ಥರ್ಮಾಸನ್ನು ಮಡಿಲಲ್ಲಿಟ್ಟುಕೊಂಡು ಟ್ರಾಮು ಹತ್ತಿದೆವು. ಹೆಬ್ಬಾಳದ ಸಿಟಿಬಸ್ಸಿನಲ್ಲಾಗಿದ್ದರೆ ಎರಡು ಸ್ಟಾಪಿನೊಳಗೆ "ಏನಮ್ಮ ಅದು, ಆಸ್ಪತ್ರೆಗೆ ಊಟಾನಾ?" ಎಂದು ಯಾರಾದರೂ ಕೇಳಿ, ನಮ್ಮ ಮೂರು ತಲೆಮಾರಿನ ಸಮಾಚಾರ ತೆಗೆದುಕೊಂಡು ಇಳಿಯುತ್ತಿದ್ದರು. ಇಲ್ಲಿ ಟ್ರಾಮು ತುಂಬ ಜನ, ಒಂದು ಪಿಟಕ್ಕೆನ್ನುವ ಸದ್ದಿಲ್ಲ. ಇನ್ನೊಬ್ಬರ ವಿಷಯ ಕೇಳುವುದು, ಅವರಿಗೆ ಮುಜುಗರವಾಗುವಂಥದ್ದು ಹೇಳುವುದು ಇವರಿಗೆ ಆಗದು. ಈ ಗುಣಕ್ಕೆ ನಾನು ಆವತ್ತು ಮಾರುಹೋದೆ. ಅದೇ ಗುಣ ನನ್ನ ಐದು ವಾರ ತಿಂದುಹಾಕುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಅಂಡಾಶಯದ ಮೇಲಿನ ಸಣ್ಣ ನೀರ್ಗುಳ್ಳೆಗಳಿಗೆ ಸೂಜಿ ಚುಚ್ಚಿ ಎಳೆದರೆ ನೀರಿನ ಜೊತೆ ಮೊಟ್ಟೆ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ನಾನು ಮೊದಲ ಸಲ ನೋಡಿದಾಗ ಉಸಿರು ಬಿಗಿಹಿಡಿದಿದ್ದೆ. ನಡುವೆ ಕಪ್ಪಗೆ ದುಂಡಗಿನ ಮೊಟ್ಟೆ, ಸುತ್ತಲೂ ಒತ್ತಿ ಕೂತ ಪುಟ್ಟ ಪುಟ್ಟ ಕೋಶಗಳು, ಬಾಣಂತಿಯ ಸುತ್ತ ಕೂತ ಹೆಂಗಸರ ಹಾಗೆ. ಸಾಸಿವೆಕಾಳಿಗಿಂತ ಎಷ್ಟೋ ಚಿಕ್ಕದು. ತಾಯಿ ಬೆಳಗ್ಗೆಯೇ ಹೋಗಿಬಿಟ್ಟಿದ್ದಾಳೆ, ಇದಿನ್ನೂ ಬದುಕಿದೆ. ನನಗೆ ಭಯವೂ ಆಯಿತು, ಕೈಮುಗಿಯಬೇಕು ಎಂದೂ ಅನ್ನಿಸಿತು.

ಈ ಮೊಟ್ಟೆ ಎರಡು ದಿನ ಮಾಗಬೇಕು. ನಾಕಾಮುರಾ ಸಾನ್ ಎರಡು ತಟ್ಟೆ ಇಟ್ಟರು. ಒಂದರಲ್ಲಿ ಬರೀ ದ್ರಾವಣ. ಇನ್ನೊಂದಕ್ಕೆ ಕಣ್ಣಿಗೂ ಕಾಣದಷ್ಟು ಗ್ರೋತ್ ಫ್ಯಾಕ್ಟರ್ ಸೇರಿಸಿದರು. ಗ್ರೋತ್ ಫ್ಯಾಕ್ಟರ್ ಎಂದರೆ ಒಂದು ಪುಟ್ಟ ಪ್ರೋಟೀನು, ಒಂದು ಕೋಶ ಇನ್ನೊಂದಕ್ಕೆ 'ಬೆಳೆ, ಮಾಗು, ಒಡೆದು ಎರಡಾಗು' ಎಂದು ಹೇಳಿಕಳಿಸುವ ಮಾತು. ತಾಯಿಯ ಹೊಟ್ಟೆಯೊಳಗೆ ಈ ಮಾತು ಯಾವಾಗಲೂ ನಡೆಯುತ್ತಿರುತ್ತದೆ. ತಟ್ಟೆಯಲ್ಲಿ ಮಾತಾಡುವವರು ಯಾರೂ ಇಲ್ಲ, ನಾವೇ ತೊಟ್ಟು ಹಾಕಬೇಕು. ಎರಡು ದಿನ ಬಿಟ್ಟು ನೋಡಿದರೆ ಬರೀ ದ್ರಾವಣದಲ್ಲಿದ್ದ ಮೊಟ್ಟೆಗಳ ಸುತ್ತಿನ ಕೋಶಗಳು ಮುದುಡಿಕೊಂಡೇ ಇದ್ದವು. ಇನ್ನೊಂದು ತಟ್ಟೆಯಲ್ಲಿ ಅವು ಅರಳಿ, ಹಿಂಜಿದ ಅರಳೆಯ ಹಾಗೆ ಹರಡಿಕೊಂಡಿದ್ದವು. ಹದಿನೇಳು ವರ್ಷ ಇದೇ ಪುಡಿಯನ್ನು ತೂಗಿ ತೂಗಿ ಬೇರೆಯವರಿಗೆ ಕೊಟ್ಟಿದ್ದೆ, ಅದು ಏನು ಮಾಡುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ.

ನಾಲ್ಕರ ಹತ್ತಿರ ನಿಂತವು

ಮಾಗಿದ ಮೊಟ್ಟೆಗೆ ಗಂಡುಹಂದಿಯ ವೀರ್ಯ ಸೇರಿಸಿ, ಎಣ್ಣೆಯ ಪದರದಡಿ ಒಂದು ಹನಿ ದ್ರಾವಣದಲ್ಲಿಟ್ಟು, ಇನ್‌ಕ್ಯುಬೇಟರ್ ಎಂಬ ಬೆಚ್ಚಗಿನ ಪೆಟ್ಟಿಗೆಯಲ್ಲಿ ಏಳು ದಿನ ಕಾಪಾಡಬೇಕು. ಕಲಿಯುವವರಿಗೆಂದು ಮೂಲೆಯ ಸಣ್ಣ ಕೋಣೆಯಲ್ಲಿ ಒಂದು ಹಳೆಯ ಪೆಟ್ಟಿಗೆ ಇತ್ತು, ಅದು ನನ್ನ ಪಾಲಿನದು. ಕೋಣೆ ಬೆಚ್ಚಗಿರುತ್ತಿದ್ದುದರಿಂದ ಹೊರಗಿನ ಚಳಿಗೆ ಹಾಕಿಕೊಂಡು ಬಂದ ಸ್ವೆಟರನ್ನು ಬಿಚ್ಚಿ ಪೆಟ್ಟಿಗೆಯ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದೆ.

ಮೊದಲನೆಯ ಸರದಿಯಲ್ಲಿ ಮೊಟ್ಟೆ ಒಂದು ಎರಡಾಯಿತು, ಎರಡು ನಾಲ್ಕಾಯಿತು, ಅಲ್ಲಿಗೆ ನಿಂತಿತು. ಎಲ್ಲವೂ ಅಷ್ಟೇ. ನಾಲ್ಕು ಕೋಶದವರೆಗೆ ಹಂದಿಯ ಭ್ರೂಣ ತಾಯಿ ಕಟ್ಟಿಕೊಟ್ಟ ಬುತ್ತಿಯಲ್ಲೇ ನಡೆಯುತ್ತದೆ, ಅಲ್ಲಿಂದ ಮುಂದೆ ಸ್ವಂತ ಕಾಲಮೇಲೆ ನಿಲ್ಲಬೇಕು. ಅಲ್ಲೇ ಬಹಳಷ್ಟು ಸೋಲುವುದು. ನಾಕಾಮುರಾ ಸಾನ್ ಮೊದಲ ಸಲ ಎಲ್ಲರಿಗೂ ಹೀಗೇ ಎಂದರು. ಎರಡನೆಯ ಸರದಿಗೆ ಮೊದಲಿನ ಗ್ರೋತ್ ಫ್ಯಾಕ್ಟರ್ ಜೊತೆಗೆ ಇನ್ಸುಲಿನ್ನಿನ ಅಣ್ಣತಮ್ಮನಂಥ ಇನ್ನೊಂದನ್ನು ಸೇರಿಸಿದೆ. ನಾಲ್ಕಕ್ಕೇ ನಿಂತವು. ಮೂರನೆಯ ಸರದಿಗೆ ಹಟಕ್ಕೆ ಬಿದ್ದು ಎರಡರಷ್ಟು ಹಾಕಿದೆ. ಬೆಳಗ್ಗೆ ತೆಗೆದು ನೋಡಿದರೆ ಕೋಶಗಳು ಕಪ್ಪಗಾಗಿ ಪುಡಿಯಾಗಿದ್ದವು.

ಪಕ್ಕದ ದೊಡ್ಡ ಕೋಣೆಯಲ್ಲಿ ನಾಕಾಮುರಾ ಸಾನ್ ಅವರ ಭ್ರೂಣಗಳು ಅದೇ ಮೊಟ್ಟೆಯಿಂದ, ನಾನೇ ಮಾಡಿದ ಅದೇ ದ್ರಾವಣದಲ್ಲಿ ಚೆನ್ನಾಗಿ ಬೆಳೆಯುತ್ತಿದ್ದವು. ತಪ್ಪು ಅಡುಗೆಯದಲ್ಲ, ಕೈಯದು ಎಂದಾಯಿತು. ಐದು ವಾರ ಮುಗಿದಿತ್ತು. ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ. ಆ ಕೋಣೆ ನನಗಲ್ಲ, ನನ್ನಂಥವಳು ಅಡುಗೆಯಲ್ಲೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಕಸಾಯಿಖಾನೆಯ ಹಿಂದಿನ ಕಲ್ಲು

ಮಾರನೆಯ ವಾರ ಮೊಟ್ಟೆಗೆ ಹೋದಾಗ ನಾಕಾಮುರಾ ಸಾನ್ ಕಾರು ಹತ್ತಲಿಲ್ಲ. ಬನ್ನಿ ಎಂದು ಕಟ್ಟಡದ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಆಳೆತ್ತರದ ಒಂದು ಕಲ್ಲು ನಿಲ್ಲಿಸಿದ್ದರು, ಮೇಲೆ ದೊಡ್ಡ ಅಕ್ಷರ ಕೆತ್ತಿತ್ತು. ಇಲ್ಲಿ ಪ್ರಾಣ ಬಿಟ್ಟ ಹಂದಿಗಳ ಆತ್ಮಕ್ಕೆ ನಿಲ್ಲಿಸಿದ ಕಲ್ಲು ಎಂದರು. ಕೆಲಸಗಾರರು ವರ್ಷಕ್ಕೊಮ್ಮೆ ಸೇರಿ ಇಲ್ಲಿ ಪೂಜೆ ಮಾಡಿಸುತ್ತಾರಂತೆ. ಅದರ ಬುಡದಲ್ಲಿ ಆವತ್ತು ಹಾಕಿದ ಹೂವು ಇತ್ತು.

ನಾನು ದಂಗಾಗಿ ನಿಂತೆ. ನಮ್ಮ ಬೀದಿಯಲ್ಲಿ ಬಾಯಿಬಿಟ್ಟು ಹೆಸರು ಹೇಳಲಾಗದ ಪ್ರಾಣಿ. ಅದಕ್ಕೆ ಇಲ್ಲಿ ಕಡಿಯುವವರೇ ತಲೆಬಾಗುತ್ತಾರೆ.

ನಾಕಾಮುರಾ ಸಾನ್ ಚೀಲದಿಂದ ಗಿಡ್ಡನೆಯ ಎರಡು ಗಂಧದಕಡ್ಡಿ ತೆಗೆದು ಹಚ್ಚಿದರು. ನಾನು ಉಸಿರೆಳೆದುಕೊಂಡೆ. "ನಮ್ಮನೆ ವಾಸನೆ!" ಎಂದೆ.

ಅವರು ಕಡ್ಡಿಗಳನ್ನು ಕಲ್ಲಿನ ಬುಡದಲ್ಲಿ ಸಿಕ್ಕಿಸಿದರು. ಆಮೇಲೆ ಕಲ್ಲಿನ ಕಡೆಗೇ ನೋಡುತ್ತಾ ಹೇಳಿದರು. "ಹೌದು, ರತ್ನಮ್ಮ ಸಾನ್. ನಿಮ್ಮ ಸ್ವೆಟರಿನದೂ ಬಹಳ ಒಳ್ಳೆಯ ವಾಸನೆ. ಇಲ್ಲಿ, ಈ ಕಲ್ಲಿನ ಮುಂದೆ, ಆ ವಾಸನೆ ಬಹಳ ಒಳ್ಳೆಯದು." ಕಲ್ಲಿಗೆ ಕೈಮುಗಿದು, "ಭ್ರೂಣದ ಮೇಲೆ ಹಾಕುವ ಎಣ್ಣೆ ಇದೆಯಲ್ಲ, ಗಾಳಿಯಲ್ಲಿ ಇರುವುದನ್ನೆಲ್ಲ ಅದು ಕುಡಿಯುತ್ತದೆ," ಎಂದರು.

ನನಗೆ ಅರ್ಥವಾಗಲು ಎರಡು ಉಸಿರು ಬೇಕಾಯಿತು. ಸ್ವೆಟರಿನ ತೋಳನ್ನು ಮೂಗಿಗೆ ಒತ್ತಿಕೊಂಡೆ. ಏನೂ ಗೊತ್ತಾಗಲಿಲ್ಲ, ನನಗೆ ಅದು ಗಾಳಿಯೇ. "ಮೊದಲೇ ಯಾಕೆ ಹೇಳಲಿಲ್ಲ?" ಎಂದೆ.

ನಾಕಾಮುರಾ ಸಾನ್ ಸೊಂಟ ಮಡಿಸಿ ಬಗ್ಗಿದರು. "ಕ್ಷಮಿಸಿ. ನಿಮ್ಮ ದೇವರಿಗೆ ಸಂಬಂಧಪಟ್ಟದ್ದು ಅಂದುಕೊಂಡೆವು. ಪ್ರೊಫೆಸರೂ ಹಾಗೇ ಅಂದುಕೊಂಡರು. ಹೇಗೆ ಹೇಳುವುದು? ದಿನಾ ಇವತ್ತು ಹೇಳೋಣ ಅಂತ ಬರುತ್ತಿದ್ದೆ."

ಇಡೀ ಲ್ಯಾಬಿಗೆ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ನಮ್ಮ ಹೆಬ್ಬಾಳದಲ್ಲಾಗಿದ್ದರೆ ಮೊದಲನೇ ದಿನವೇ "ಏನ್ ರತ್ನಮ್ಮ, ಗುಡಿಯಿಂದ ಎದ್ದು ಬಂದಂಗಿದೀರಲ್ಲ," ಎಂದು ಯಾರಾದರೂ ಕಾಲೆಳೆದು, ಮೂರು ಸರದಿ ಮೊಟ್ಟೆ ಉಳಿಯುತ್ತಿತ್ತು. ಸಿಟ್ಟು ಬಂತು. ಅದೇ ಗಳಿಗೆಯಲ್ಲಿ ಬಗ್ಗಿಯೇ ನಿಂತಿದ್ದ ಆ ಹಿರಿಯ ಜೀವವನ್ನು ನೋಡಿ ಕನಿಕರವೂ ಬಂತು. ಹಿಡಿದು ಎಬ್ಬಿಸಿದೆ.

ಸಂಜೆ ಅವ್ವನಿಗೆ ಫೋನು ಮಾಡಿದೆ. ಹೇಳಬಾರದು ಎಂದುಕೊಂಡೇ ಹೇಳಿಬಿಟ್ಟೆ.

"ನನ್ ಬತ್ತಿ ಸಾಯಿಸ್ಬುಡ್ತಾ ಮಗ ಅವುನ್ನ?" ಎಂದಳು ಅವ್ವ.

"ಅದೇ ಅಂತ ಖಾತ್ರಿ ಇಲ್ಲ ಕಣವ್ವ. ಇರಬೋದು ಅಂತಾರೆ."

"ಅಯ್ಯೋ ನಮ್ಮಪ್ಪ. ಒಳ್ಳೇದಾಗ್ಲಿ ಅಂತ ಇಟ್ನಲ್ಲ ಕಣೆ. ಆ ಬಟ್ಟೇನೆಲ್ಲ ಎಸ್ದುಬುಡು. ಬೇರೆ ತಗೊ."

"ಎಸಿಯಲ್ಲ. ಆ ಬತ್ತೀಲೇ ಕಣವ್ವ ನೀನು ನನ್ನ ಬಿಎಸ್ಸಿ ಓದ್ಸಿದ್ದು," ಎಂದೆ. ಅವಳು ಅಳುತ್ತಿದ್ದಾಳೆ ಎಂದು ಗೊತ್ತಾಯಿತು, ನನಗೂ ತಡೆಯಲಾಗಲಿಲ್ಲ. ಅವಳ ಕೈಯಿಂದ ನನಗೆ ಕೆಟ್ಟದ್ದಾಯಿತು ಎಂದು ಅವಳು ಅಂದುಕೊಂಡರೆ ನಾನು ಹೇಗೆ ಸಹಿಸಲಿ?

ಕೊನೆಯ ಸರದಿ

ಬಟ್ಟೆಯನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರೂಮಿನಲ್ಲೇ ಬಿಟ್ಟೆ. ನಾಕಾಮುರಾ ಸಾನ್ ತಮ್ಮ ಹಳೆಯ ಪ್ಯಾಂಟು ಶರ್ಟು ತಂದುಕೊಟ್ಟರು. ನನ್ನ ಅಳತೆಗೆ ಪ್ಯಾಂಟು ಮೊಣಕಾಲ ಕೆಳಗೇ ಮುಗಿಯುತ್ತಿತ್ತು. ಪೆಟ್ಟಿಗೆಯನ್ನು ಉಜ್ಜಿ ತೊಳೆದು ಒಳಗೆ ಗಾಳಿ ಸೋಸುವ ಇದ್ದಿಲ ಫಿಲ್ಟರ್ ಹಾಕಿದೆವು, ಹೊಸ ಎಣ್ಣೆ ಬಾಟಲಿ ತೆರೆದೆವು. ನನ್ನ ದಿನಗಳು ಒಂದೇ ಸರದಿಗೆ ಸಾಲುವಷ್ಟಿದ್ದವು. ಮೂರು ತಟ್ಟೆ ಇಟ್ಟೆ: ಒಂದು ಬರೀ ದ್ರಾವಣ, ಒಂದಕ್ಕೆ ಮೊದಲನೆಯ ಗ್ರೋತ್ ಫ್ಯಾಕ್ಟರ್, ಒಂದಕ್ಕೆ ಎರಡೂ.

ಎರಡನೆಯ ದಿನ ನಾಲ್ಕು ಕೋಶ. ಮೂರನೆಯ ದಿನ ಬಾಗಿಲು ತೆಗೆಯಲು ನನಗೆ ಧೈರ್ಯ ಬರಲಿಲ್ಲ, ತೆಗೆಯಬೇಡಿ ಎಂದು ನಾಕಾಮುರಾ ಸಾನ್ ಕೂಡ ಹೇಳಿದರು. ನಾಲ್ಕನೆಯ ದಿನ ಬೆಳಗ್ಗೆ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ಇಟ್ಟೆ.

ಎಂಟು. ಪಕ್ಕದ್ದೂ ಎಂಟು. ಇನ್ನೊಂದರಲ್ಲಿ ಎಣಿಸಲಾಗದಷ್ಟು. ನಾನು ಕಿರುಚಿದೆ. ಟ್ರಾಮಿನಲ್ಲಿ ಕೆಮ್ಮದ ಜನ ಕಾರಿಡಾರಿನಲ್ಲಿ ಓಡಿ ಬಂದರು.

ಆಮೇಲಿನ ಮೂರು ದಿನ ನಾನು ನೋಡಿದ್ದನ್ನು ಹೇಗೆ ಹೇಳಲಿ? ಬಿಡಿಬಿಡಿಯಾಗಿದ್ದ ಕೋಶಗಳು ಒಂದನ್ನೊಂದು ಒತ್ತಿಕೊಂಡು ಗೆರೆಯೇ ಕಾಣದಂಥ ಉಂಡೆಯಾದವು. ಉಂಡೆಯ ಒಳಗೆ ಒಂದು ಸಣ್ಣ ನೀರಿನ ಜಾಗ ತೆರೆಯಿತು. ಆ ಜಾಗ ಹಿಗ್ಗಿತು, ಕುಸಿಯಿತು, ಮತ್ತೆ ಹಿಗ್ಗಿತು. ಯಾರೂ ಹೇಳಿಕೊಡದೆ ಕೆಲವು ಕೋಶ ಒಳಗೆ ಸರಿದವು, ಕೆಲವು ಗೋಡೆಯಾಗಿ ನಿಂತವು. ಒಳಗಿನವು ಮರಿಯಾಗುತ್ತವೆ, ಹೊರಗಿನವು ತಾಯಿಯನ್ನು ಹಿಡಿದುಕೊಳ್ಳುವ ಮಾಸಾಗುತ್ತವೆ. ಒಂಟಿಯಾಗಿಟ್ಟದ್ದಕ್ಕಿಂತ ಒಂದೇ ಹನಿಯಲ್ಲಿ ಹತ್ತಾರು ಸೇರಿಸಿಟ್ಟವು ಚೆನ್ನಾಗಿ ಬೆಳೆದದ್ದು ಯಾಕೆ ಎಂದು ಕೇಳಿದೆ. ಅವು ತಮ್ಮದೇ ಗ್ರೋತ್ ಫ್ಯಾಕ್ಟರನ್ನು ಹನಿಗೆ ಬಿಟ್ಟು ಒಂದಕ್ಕೊಂದು ಕೊಟ್ಟುಕೊಳ್ಳುತ್ತವೆ ಎಂದರು ನಾಕಾಮುರಾ ಸಾನ್. ಕಣ್ಣಿಲ್ಲ, ಬಾಯಿಲ್ಲ, ಹುಟ್ಟೇ ಇಲ್ಲ, ಆಗಲೇ ನೆರೆಹೊರೆ.

ಏಳನೆಯ ದಿನ

ಬರೀ ದ್ರಾವಣದ ತಟ್ಟೆಯಲ್ಲಿ ನೀರು ತುಂಬಿಕೊಂಡ ಭ್ರೂಣ ಕೆಲವೇ, ಅವೂ ಬಡಕಲು. ಮೊದಲನೆಯ ಗ್ರೋತ್ ಫ್ಯಾಕ್ಟರ್ ಇದ್ದ ತಟ್ಟೆಯಲ್ಲಿ ಇನ್ನಷ್ಟು. ಎರಡೂ ಇದ್ದ ತಟ್ಟೆಯಲ್ಲಿ ಒಂದು ಭ್ರೂಣ ತನ್ನ ಸಿಪ್ಪೆಯನ್ನು ಸೀಳಿ ಅರ್ಧ ಹೊರಗೆ ಬಂದಿತ್ತು. ಪ್ರೊಫೆಸರು ಬಹಳ ಹೊತ್ತು ನೋಡಿದರು. ಒಂದೇ ಸರದಿಯಿಂದ ಗ್ರೋತ್ ಫ್ಯಾಕ್ಟರಿನ ಬಗ್ಗೆ ಏನೂ ಹೇಳಲಾಗದು ಎಂದರು. ಆಮೇಲೆ, "ನಿಮ್ಮ ಕೈಯ ಬಗ್ಗೆ ಹೇಳಬಹುದು. ಇವತ್ತೇ ನಿಮ್ಮ ನಿರ್ದೇಶಕರಿಗೆ ಬರೆಯುತ್ತೇನೆ," ಎಂದು ತಲೆಯಾಡಿಸಿ ಹೋದರು.

ಹೆಬ್ಬಾಳದ ಕೋಣೆ ನನ್ನದಾಯಿತು. ಕುಣಿಯಬೇಕಾದ ಹೊತ್ತು ಅದು. ಆದರೆ ನಾಕಾಮುರಾ ಸಾನ್ ಸಣ್ಣ ಬಾಟಲಿಯೊಂದನ್ನು ತಂದು ನನ್ನ ಮುಂದಿಟ್ಟರು. ಅದು ಬಣ್ಣ. ಭ್ರೂಣದಲ್ಲಿ ಎಷ್ಟು ಕೋಶಗಳಿವೆ ಎಂದು ತಿಳಿಯದೆ ಕೆಲಸ ಮುಗಿಯುವುದಿಲ್ಲ. ಬಣ್ಣ ಹಾಕಿ, ಗಾಜಿನ ಎರಡು ಪಟ್ಟಿಗಳ ನಡುವೆ ಒತ್ತಿದರೆ ಒಂದೊಂದು ಕೋಶದ ತಿರುಳೂ ನೀಲಿಯಾಗಿ ಹೊಳೆಯುತ್ತದೆ, ಎಣಿಸಬಹುದು. ಒತ್ತಿದ ಮೇಲೆ ಭ್ರೂಣ ಇರುವುದಿಲ್ಲ.

ಇದು ನನಗೆ ಮೊದಲಿನಿಂದಲೂ ಗೊತ್ತಿತ್ತು, ನೋಟ್‌ಬುಕ್ಕಿನಲ್ಲಿ ನಾನೇ ಬರೆದುಕೊಂಡಿದ್ದೆ. ಆದರೂ ಕೇಳಿದೆ. "ಈ ಹೊರಗೆ ಬರುತ್ತಿರುವುದನ್ನು ಮಾತ್ರ ನಾಳೆಯವರೆಗೆ ಬಿಡೋಣವಾ?"

"ನಾಳೆ ಏನಾಗುತ್ತದೆ?" ಎಂದರು ಮೆಲ್ಲಗೆ. ಇದಕ್ಕೆ ಹೋಗಲು ಒಂದು ಹೊಟ್ಟೆಯಿಲ್ಲ. "ನಾನು ಮಾಡಲಾ?" ಎಂದು ಅವರು ಕೈ ಚಾಚಿದರು.

"ಬೇಡ, ನಾನೇ ಮಾಡ್ತೀನಿ," ಎಂದು ಕನ್ನಡದಲ್ಲೇ ಹೇಳಿದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ಬಣ್ಣ ಹಾಕಿದೆ. ಗಾಜು ಇಟ್ಟೆ. ಒತ್ತಿದೆ. ನಾಕಾಮುರಾ ಸಾನ್ ಕೋಣೆಯ ದೀಪ ಆರಿಸಿದರು. ಕತ್ತಲಲ್ಲಿ ಕಣ್ಣು ಇಟ್ಟರೆ ನೀಲಿ ನೀಲಿ ಚುಕ್ಕಿಗಳು, ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು. ಏಳು ದಿನದ ಹಿಂದೆ ಇದೆಲ್ಲ ಒಂದೇ ಒಂದು ಕೋಶವಾಗಿತ್ತು, ನಾನು ನೋಡಿದ್ದೆ. ಎಣಿಸತೊಡಗಿದೆ. ಮೂವತ್ತು, ನಲವತ್ತು ದಾಟಿತು. ಅಷ್ಟರಲ್ಲಿ ಕಣ್ಣು ತುಂಬಿ ಚುಕ್ಕಿಗಳೆಲ್ಲ ಕಲಸಿಹೋದವು, ಎಲ್ಲಿದ್ದೆ ಎಂದು ತಪ್ಪಿತು. ಅಂದಾಜಿನಲ್ಲಿ ಬರೆದುಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ತೋಳಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಒಂದರಿಂದ ಶುರುಮಾಡಿದೆ.